ಇಲಿಕಿಮಿ ಅಕ್ಕನೊಡನೆ ಆಡದ ಮಾತು

೧೯೯೮ನೆಯ ಇಸವಿ ಜುಲೈ ೧೮, ಶನಿವಾರ. ಕಬ್ಬು ಕಟಾವಿನ ಒಣಕಾಲ. ದ್ವೀಪನಾಡಿನ ಲೌಟೋಕ ನಗರದ ಮೇಲೆ ಸಕ್ಕರೆ ಕಾರ್ಖಾನೆಯ ಹೊಗೆ ಎದ್ದಿತ್ತು. ಆಗ್ನೇಯದ ಗಾಳಿ ತಣ್ಣಗೆ ಬೀಸುತ್ತಿತ್ತು. ಕೊರೊಯಾನಿಟು ಬೆಟ್ಟದ ನೆತ್ತಿಯನ್ನು ಬಿಟ್ಟರೆ ಎಲ್ಲಿಯೂ ಮೋಡವಿರಲಿಲ್ಲ. ಹೋಟೆಲುಗಳಿಂದ ಹತ್ತಿಸಿಕೊಂಡ ಪ್ರವಾಸಿಗಳೊಂದಿಗೆ ಮುನ್ಸಾಮಿಯ ವ್ಯಾನು ವುನಿಡಾಕುವ ಹಳ್ಳಿಯ ಕಲ್ಲುಹಾದಿಯನ್ನು ಏರುತ್ತಿತ್ತು. ಮಾರ್ಗದರ್ಶಿ ಇಲಿಕಿಮಿ ಮುಂದಿನ ಸೀಟಿನಲ್ಲಿ ಕುಳಿತಿದ್ದನು.

"ಏನಯ್ಯಾ, ಬೆಟ್ಟಾನ ನೀನೇ ಹೊತ್ಕೊಂಡ್ ಬಂದೋನ ಥರ ಮುಖ ಮಾಡಿದೀಯ?" ಎಂದು ಮುನ್ಸಾಮಿ ಕೆಣಕಿದನು.

"ಅಕ್ಕನ ಕಾಲು," ಎಂದನು ಇಲಿಕಿಮಿ. "ಹೋದ ಭಾನುವಾರ ಚರ್ಚಿನಲ್ಲಿ ನೋಡ್ದೆ. ಕುಂಟ್ತಿದ್ಲು. ಸಕ್ಕರೆ ಕಾಯಿಲೆ ಇರೋರಿಗೆ ಕಾಲಿನ ಗಾಯ ಅಂದ್ರೆ ಗೊತ್ತಲ್ಲ ನಿಂಗೆ. ಇವತ್ತು ವ್ಯಾನಲ್ಲಿ ಒಂದು ಸೀಟು ಖಾಲಿ ಇದೆ. ಹೇಗಾದ್ರೂ ಮಾಡಿ ಕರ್ಕೊಂಡು ಹೋಗಿ ಆಸ್ಪತ್ರೆಗೆ ಸೇರಿಸ್ಬೇಕು."

"ಕರ್ಕೊಂಡು ಹೋಗು. ಅದಕ್ಕೇನು?"

ಅದಕ್ಕೇನೆಂಬುದು ಮುನ್ಸಾಮಿಗೂ ಗೊತ್ತಿತ್ತು. ಇಲಿಕಿಮಿ ಹುಟ್ಟಿದ, ಅಕ್ಕ ಇನ್ನೂ ಇದ್ದ ಆ ಬೆಟ್ಟದ ಹಳ್ಳಿಯಲ್ಲಿ ಒಡಹುಟ್ಟಿದ ಗಂಡುಹೆಣ್ಣುಗಳು ಪ್ರಾಯಕ್ಕೆ ಬಂದ ಮೇಲೆ ಮುಖಾಮುಖಿ ಮಾತನಾಡುವುದಿಲ್ಲ. ಅದು ಮುನಿಸಲ್ಲ, ಇರುವ ಮರ್ಯಾದೆಗಳಲ್ಲೆಲ್ಲ ದೊಡ್ಡ ಮರ್ಯಾದೆ. ತಾಯಿ ಸತ್ತ ಮೇಲೆ ಇಲಿಕಿಮಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ ಮೆರೆವಾಲೆಸಿ. ಅವನ ದನಿ ಒಡೆದ ವರ್ಷದಿಂದ ಅವಳು ಅವನ ಹೆಸರು ಹಿಡಿದು ಕರೆದಿರಲಿಲ್ಲ; ಅವನು ಅವಳ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಹೇಳಬೇಕಾದುದನ್ನೆಲ್ಲ ಮೂರನೆಯವರ ಬಾಯಿಂದ ಹೇಳಿಸಬೇಕು. ಬಂದ ಉತ್ತರವನ್ನು ಮರುಮಾತಿಲ್ಲದೆ ಒಪ್ಪಬೇಕು.

ಹಳ್ಳಿಯಲ್ಲಿ ಇಲಿಕಿಮಿ ಮುಖಂಡನ ಮುಂದೆ, ಅರೆದು ಕುಡಿಯುವ ಯಂಗೋನ ಬೇರಿನ ಕಟ್ಟನ್ನು ಕಾಣಿಕೆಯಾಗಿಟ್ಟು, ಅತಿಥಿಗಳ ಪರವಾಗಿ ಕಾಡಿನೊಳಗೆ ಕಾಲಿಡಲು ಅಪ್ಪಣೆ ಬೇಡಿದನು. ಬಳಿಕ ಅವರನ್ನು ದೊಡ್ಡ ಡಾಕುವ ಮರಗಳ ನೆರಳಿನಲ್ಲಿ ನಡೆಸಿ, ಸಮುದ್ರ ಕಾಣುವ ದಿಣ್ಣೆಯನ್ನು ಹತ್ತಿಸಿ, ಜಲಪಾತಕ್ಕೆ ಇಳಿಸಿದನು. ಅಲ್ಲಿ ಪ್ರವಾಸಿಗಳಲ್ಲೊಬ್ಬಳಾದ ಮುದುಕಿ ಪಾಚಿಗಲ್ಲಿನ ಮೇಲೆ ಜಾರಿ ಹಿಮ್ಮಡಿ ಕೊಯ್ದುಕೊಂಡಳು. ಅವನು ಗಾಯ ತೊಳೆದು ಪಟ್ಟಿ ಕಟ್ಟಿದನು.

"ಸಂಜೆ ನೇರ ಡಾಕ್ಟರ ಹತ್ರ ಹೋಗ್ಬೇಕು ನೀವು."

"ಅಯ್ಯೋ, ಇಷ್ಟಕ್ಕಾ?"

"ಇಷ್ಟಕ್ಕೇ. ನನ್ನ ಎದುರು ವಾದ ಬೇಡ ತಾಯೀ. ಇಲ್ಲ ಅಂದ್ರೆ ಹೊತ್ಕೊಂಡು ಹೋಗಿ ಬಿಟ್ ಬರ್ತೀನಿ."

ಮುದುಕಿ ನಕ್ಕು ಒಪ್ಪಿದಳು. ಇಲಿಕಿಮಿ ಪಟ್ಟಿಯ ಗಂಟು ಬಿಗಿದನು; ಜೊತೆಗೆ ಬಂದಿದ್ದ ಮುನ್ಸಾಮಿ ಅವಳನ್ನು ಕೈಹಿಡಿದು ಎಬ್ಬಿಸಿದನು.

ಊಟದ ಏರ್ಪಾಡು ಮೆರೆವಾಲೆಸಿಯದು: ಬೇಯಿಸಿದ ಮರಗೆಣಸು, ತೆಂಗಿನ ಹಾಲಿನಲ್ಲಿ ಕೆಸುವಿನೆಲೆ, ಹೊಳೆಯ ಸೀಗಡಿ. ಅಡುಗೆಮನೆಯಿಂದ ಪಾತ್ರೆಗಳನ್ನು ಮುನ್ಸಾಮಿಯೇ ತಂದಿಟ್ಟನು. ಬಾಗಿಲಿನ ಸಂದಿಯಲ್ಲಿ ಇಲಿಕಿಮಿಗೆ ಕಂಡದ್ದು ಬಟ್ಟೆ ಸುತ್ತಿದ ಒಂದು ಪಾದ ಮಾತ್ರ. ಬಟ್ಟೆ ಒದ್ದೆಯಾಗಿತ್ತು, ಅದರ ಹೊರಗಿದ್ದ ಕಿರುಬೆರಳು ಕಪ್ಪಗಾಗಿತ್ತು.

"ಹೋಗಿ ಹೇಳು," ಎಂದು ಅವನು ಮುನ್ಸಾಮಿಯ ತೋಳು ಹಿಡಿದನು. "ಇವತ್ತೇ ಹೊರಡ್ಬೇಕಂತೆ, ತಮ್ಮ ಬೇಡ್ಕೋತಾನಂತೆ ಅಂತ ಹೇಳು."

ಒಳಗಿನ ಮಾತು ತಡಿಕೆಯ ಗೋಡೆಯಾಚೆಗೂ ಕೇಳಿಸಿತು.

"ಅಕ್ಕಾ, ನಿನ್ನ ತಮ್ಮ..."

"ಕೇಳಿಸ್ತಪ್ಪ ಮುನ್ಸಾಮಿ, ನಾನೇನು ಕಿವುಡಿಯಾ? ಎಲೆ ಅರೆದು ಕಟ್ಟಿದೀನಿ, ಒಣಗ್ತಾ ಇದೆ. ಇವತ್ತು ಹೊರಟ್ರೆ ನಾಳೆ ಚರ್ಚಿನ ಊಟಕ್ಕೆ ಒಲೆ ಹಚ್ಚೋರ್ಯಾರು, ನೀನಾ? ನಿನ್ನ ಅಡುಗೆ ತಿಂದ್ರೆ ಊರಿಗೆ ಊರೇ ಆಸ್ಪತ್ರೆ ಸೇರುತ್ತೆ. ಏನೂ ಆಗಿಲ್ಲ ಅಂತ ಹೇಳು ಅವನಿಗೆ."

ಮುನ್ಸಾಮಿ ಹೊರಬಂದಾಗ ಅವನ ಮುಖದಲ್ಲಿ ನಗೆಯಿರಲಿಲ್ಲ. "ಒಳಗೆ ವಾಸನೆ ಬರ್ತಿದೆ ಇಲಿಕಿಮಿ. ಸುಳ್ಳು ಹೇಳ್ತಿದಾಳೆ. ನೀನೇ ಹೋಗು."

"ಅಕ್ಕ ಒಂದು ಮಾತು ಅಂದ ಮೇಲೆ ಆಯ್ತು. ಸುಳ್ಳು ಅಂತ ನಾನು ಹೇಗನ್ನಲಿ?"

"ದಾರೀಲಿ ಹೋಗೋ ಮುದುಕೀನ ಗದರಿಸ್ತೀಯ, ಹೆತ್ತೋಳ ಹಾಗೆ ಸಾಕ್ದೋಳನ್ನ ಗದರಿಸೋಕಾಗಲ್ವಾ?"

ಇಲಿಕಿಮಿ ಅಡುಗೆಮನೆಯ ಹೊಸ್ತಿಲವರೆಗೆ ಹೋದನು. ಅವನ ಹೆಜ್ಜೆಯ ಸದ್ದಿಗೆ ಮೆರೆವಾಲೆಸಿ ಕಾಲನ್ನು ಉಟ್ಟ ಬಟ್ಟೆಯೊಳಗೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗಿ ಕುಳಿತಳು. ಅವಳ ಬೆನ್ನು ಕಾಣುತ್ತಿತ್ತು. ಹೊರಡು ಎಂಬ ಒಂದು ಮಾತು ಅವನ ನಾಲಿಗೆಯವರೆಗೆ ಬಂದಿತು. ಅದನ್ನಾಡಿದರೆ ಊರವರೆದುರು ಅಕ್ಕನನ್ನು ಹೊಡೆದಷ್ಟೇ ಅವಮಾನವೆಂದು ಅವನು ಬಗೆದನು. ಒಲೆಯಲ್ಲಿ ಸೌದೆ ಸಿಡಿಯಿತು. ಅವನು ಹಾಗೆಯೇ ಹಿಂದಕ್ಕೆ ಸರಿದನು.

ನಾಲ್ಕು ಗಂಟೆಗೆ ವ್ಯಾನು ಒಂದು ಸೀಟು ಖಾಲಿಯಿರುವಂತೆಯೇ ಹೊರಟಿತು. ಪ್ರವಾಸಿಗಳು ಹಾಡಿಕೊಂಡು ಬೆಟ್ಟ ಇಳಿದರು.

ಆಗಸ್ಟ್ ೯, ಭಾನುವಾರ, ಜ್ವರದಿಂದ ಎಚ್ಚರ ತಪ್ಪಿದ ಮೆರೆವಾಲೆಸಿಯನ್ನು ಅದೇ ವ್ಯಾನಿನಲ್ಲಿ ಲೌಟೋಕಕ್ಕೆ ತಂದರು. ೧೧ರಂದು ಮೊಣಕಾಲಿನ ಮೇಲಿನವರೆಗೆ ಕಾಲನ್ನು ತೆಗೆದರು. ಇಲಿಕಿಮಿ ಅಷ್ಟೂ ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದನು. ಗಂಜಿಯನ್ನು ಮುನ್ಸಾಮಿಯ ಕೈಯಲ್ಲಿ ಒಳಗೆ ಕಳುಹಿಸುತ್ತಿದ್ದನು. ಸೆಪ್ಟೆಂಬರ್ ೧ರಂದು ಅವಳು ಮುನ್ಸಾಮಿಗೆ, "ಅವತ್ತು ಹೊಸ್ತಿಲ ಹತ್ರ ನಿಂತಿದ್ದ. ಒಂದು ಸಲ ಅಕ್ಕಾ ಅಂದಿದ್ರೆ ಎದ್ದು ಹೊರಟುಬಿಡ್ತಿದ್ದೆ. ಅವನಿಗೆ ಇದನ್ನ ಹೇಳ್ಬೇಡ," ಎಂದಳು. ಮುನ್ಸಾಮಿ ಅದನ್ನು ಹೇಳಿದನು. ಸೆಪ್ಟೆಂಬರ್ ೩, ಗುರುವಾರ ಬೆಳಿಗ್ಗೆ ಅವಳು ತೀರಿಕೊಂಡಳು.

ಶೋಕದ ನೂರು ರಾತ್ರಿಗಳು ಕಳೆಯುವವರೆಗೆ ಊರವರು ಜಲಪಾತಕ್ಕೆ ಯಾರನ್ನೂ ಬಿಡಲಿಲ್ಲ. ಡಿಸೆಂಬರ್ ೧೨ರಂದು ಆ ನಿಷೇಧ ತೆರವಾಯಿತು. ಮುಂದಿನ ಶನಿವಾರದಿಂದ ಪ್ರವಾಸ ಮತ್ತೆ ನಡೆಯಿತು. ಇಲಿಕಿಮಿ ೨೦೦೬ರವರೆಗೆ ಮಾರ್ಗದರ್ಶಿಯಾಗಿದ್ದನು. ಮಧ್ಯಾಹ್ನದ ಊಟವನ್ನು ಅವನು ಅಕ್ಕನ ಅಡುಗೆಮನೆಯ ಕಡೆಗೆ ಹೋಗದೆ ವ್ಯಾನಿನಲ್ಲಿಯೇ ಮಾಡುತ್ತಿದ್ದನು.