ಅಳಿಲು ಎಡಕ್ಕೆ ತಿರುಗಿದಾಗ

ಕಾಕುವಿನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಯೇ ಇರಲಿಲ್ಲ. ನುಣ್ಣಗೆ ಹೊಳೆಯುತ್ತಿತ್ತು. ಆಟದ ಗುಂಡಿ ಒತ್ತಿ ಒತ್ತಿ ಹಾಗಾಯಿತು ಎಂದು ನಮ್ಮ ಓಣಿ ಈಗಲೂ ಹೇಳುತ್ತದೆ. ಆಟದಿಂದ ಹೆಬ್ಬೆರಳು ಸವೆಯಿತಂತೆ, ಆಟದಿಂದ ಕಣ್ಣು ಹೋಯಿತಂತೆ, ಕೊನೆಗೆ ಆಟದಿಂದಲೇ ಜೀವ ಹೋಯಿತಂತೆ. ಬಹಳ ಸಲೀಸಾದ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೈಸಿಕೊಂಡು ಬೆಳೆದವಳು ನಾನು. ಇಷ್ಟು ಸಲೀಸಾಗಿ ಕೂಡಿಕೊಳ್ಳುವ ವಾದವನ್ನು ನಂಬುವುದಿಲ್ಲ.

ಮೊದಲು ಹೆಬ್ಬೆರಳಿನ ಮಾತು. ಬಂಗೂರನಗರದಲ್ಲಿ ಕಾಕು ನಮ್ಮ ಪಕ್ಕದ ಮನೆಯವರು. ಧಾರವಾಡದ ಕಡೆಯಿಂದ ಕೆಲಸಕ್ಕೆಂದು ಬಂದ ಸಂಸಾರ. ಅವರ ಯಜಮಾನರು ನನಗೆ ಬುದ್ಧಿ ಬರುವ ಮೊದಲೇ ತೀರಿಕೊಂಡಿದ್ದರು. ಕಾಕು ಊರ ಹೊರಗಿನ ಒಂದು ಶೆಡ್ಡಿನಲ್ಲಿ ಹಾಳೆ ಆರಿಸುತ್ತಿದ್ದರು. ಕಲೆ, ಸುಕ್ಕು, ತೂತು ಇರುವ ಕಾಗದವನ್ನು ಎಳೆದು ಬದಿಗಿಡುವ ಕೆಲಸ. ದಿನವಿಡೀ ಹೆಬ್ಬೆರಳಿನಿಂದ ಹಾಳೆ ಸರಿಸಬೇಕು. ಬೆರಳಿನ ಗೆರೆಗಳನ್ನು ತಿಂದದ್ದು ಕಾಗದ. ಆಟ ಮನೆಗೆ ಬರುವುದಕ್ಕೆ ಎಷ್ಟೋ ಮೊದಲೇ ರೇಷನ್ ಅಂಗಡಿಯ ಮಷಿನ್ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ.

“ಕಾಕು, ನೀವು ಅದೀರಿ ಅನ್ನೂದನ್ನ ಮಷಿನ್ ನಂಬವಲ್ದರಿ,” ಎಂದು ಅಂಗಡಿಯವನು ನಗುತ್ತಿದ್ದ.

“ಅದರ ನಂಬಿಕಿ ತೊಗೊಂಡು ನಾ ಏನ್ ಮಾಡ್ಲಿ? ಹಸಿವು ಆಗಿದ್ದು ನನಗ. ತೂಗು, ತೂಗು.”

ಆಟ ಬಂದದ್ದು ಹುಬ್ಬಳ್ಳಿಯಿಂದ. ಕಾಕುವಿನ ಒಬ್ಬಳೇ ಮಗಳು, ನಾನು ಅಕ್ಕ ಎನ್ನುವವರು, ಅಲ್ಲಿ ಗಂಡ ಮಗನ ಜೊತೆ ಇದ್ದಾರೆ. ಮಗನಿಗೆ ಫೋನು ಸಿಕ್ಕಿದ ಮೇಲೆ ಅವನ ಹಳೆಯ ಆಟದ ಡಬ್ಬಿ ಅಜ್ಜಿಯ ಮನೆಯಲ್ಲೇ ಉಳಿಯಿತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಅದರೊಳಗೆ ಟಿವಿಯ ಮಕ್ಕಳ ಕಾರ್ಟೂನಿನ ಒಂದು ಅಳಿಲು. ಬಲಕ್ಕೆ ಓಡಬೇಕು, ಕೊಂಬೆಯಿಂದ ಕೊಂಬೆಗೆ ಹಾರಬೇಕು, ಕಾಯಿ ಆರಿಸಬೇಕು, ಮುಳ್ಳಿನ ಗುಂಡಿಗೆ ಬೀಳದೆ ಬಾಗಿಲು ಮುಟ್ಟಬೇಕು. ಮೇಲೆ ಮೂಲೆಯಲ್ಲಿ ಸಮಯ ಕರಗುತ್ತಿರುತ್ತದೆ.

“ಆರಿಸೂದು ಅಂದ್ರ ನಮ್ಮ ಕೆಲಸಾನ ಬಿಡು,” ಎಂದು ಕಾಕು ಅದನ್ನು ಕೈಗೆತ್ತಿಕೊಂಡರು.

ಕೆಲಸದಂತೆಯೇ ಆಡಿದರು ಕೂಡ. ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ಕಟ್ಟಿನ ಒಂದು ಮಗ್ಗುಲು ನೋಡಿ ಮುಗಿದ ಮೇಲೆ ಇಡೀ ಕಟ್ಟನ್ನು ಮಗುಚಿ, ಇನ್ನೊಂದು ಮಗ್ಗುಲು ನೋಡಿಯೇ ಕೈಬಿಡಬೇಕು. ಹೀಗಾಗಿ ಅಳಿಲು ಬಾಗಿಲ ತನಕ ಹೋಗುತ್ತಿತ್ತು, ಬಾಗಿಲು ಮುಟ್ಟದೆ ತಿರುಗಿ ಎಡಕ್ಕೆ ಬರುತ್ತಿತ್ತು. ಬಿಟ್ಟುಹೋದ ಕಾಯಿ ಹುಡುಕಲು! ಅವರ ಮನೆ ಮುಂದಿನ ಕಟ್ಟೆಯ ಮೇಲೆ ಸುತ್ತ ನೆರೆದ ಹುಡುಗರು ತಲೆ ತಲೆ ಬಡಿದುಕೊಳ್ಳುತ್ತಿದ್ದರು.

“ಕಾಕು, ಬಾಗಲಾ ಅಲ್ಲೇ ಐತ್ರೀ! ಒಳಗ ಹೋಗ್ರಿ!”

“ತಡಿಯೋ ಮಂಗ್ಯಾ, ಆ ಮಗ್ಗಲಾ ಯಾರು ನೋಡ್ತಾರ, ನಿಮ್ಮಪ್ಪ?”

ನನಗೂ ಇದೇ ಚಾಟಿ. ಹಳಿಯಾಳದ ಸ್ಪರ್ಧೆಯೊಂದಕ್ಕೆ ‘ಮೊಬೈಲು ಮಕ್ಕಳನ್ನು ಕೆಡಿಸುತ್ತದೆ’ ಎಂಬ ವಿಷಯದ ಪರವಾಗಿ ನಾನು ಅವರ ಮುಂದೆ ಗಂಟಲು ಹರಿದುಕೊಂಡೆ. ಪೂರ್ತಿ ಕೇಳಿದರು. “ಛಲೋ ಆತು, ವಕೀಲ್ರ. ಈಗ ಮಗುಚಿ ಹಾಕು,” ಎಂದರು. ಕೆಡಿಸುವುದಿಲ್ಲ ಎಂದು ಅಷ್ಟೇ ಹೊತ್ತು ಮಾತಾಡಿಸಿದರು. ಮರುದಿನ ಎದುರಾಳಿ ಏನು ಹೇಳುತ್ತಾನೆಂಬುದು ನನಗೆ ಮೊದಲೇ ಗೊತ್ತಿತ್ತು. ಇವತ್ತಿಗೂ ನನ್ನಲ್ಲಿ ವಾದದ ಬುದ್ಧಿ ಎಂಬುದೇನಾದರೂ ಇದ್ದರೆ ಅದು ಆ ಕಟ್ಟೆಯದು. ಯಾವ ಗುರುಗಳದ್ದೂ ಅಲ್ಲ.

ಇನ್ನು ಕಣ್ಣು. ಒಂದು ಸಂಜೆ ಪಕ್ಕದಲ್ಲಿ ಕೂತು ನೋಡುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಬಲಕ್ಕೆ ಓಡುವಾಗ ಕಾಕುವಿನ ಅಳಿಲು ಗುಂಡಿಗೆ ಬೀಳುತ್ತಿರಲಿಲ್ಲ. ಎಡಕ್ಕೆ ತಿರುಗಿ ಬರುವಾಗ, ಆಗತಾನೇ ದಾಟಿಹೋದ ಅದೇ ಗುಂಡಿಗೆ ಬೀಳುತ್ತಿತ್ತು. ಮತ್ತೆ ಆಡಿಸಿದೆ. ಮತ್ತೆ ಹಾಗೆಯೇ. ಅವರ ಎಡಗಡೆ ಮೆಲ್ಲಗೆ ಕೈ ಬೀಸಿದೆ. ಗೊತ್ತಾಗಲಿಲ್ಲ. ಬಲಗಡೆ ಬೀಸಿದಾಗ, “ನೊಣಾ ಹೊಡಿಯಾಕತ್ತಿ ಏನು?” ಎಂದರು.

“ಕಾಕು, ನಿಮಗ ಎಡಗಡೆ ಕಾಣಸೂದಿಲ್ಲ.”

“ವಕೀಲಿಕಿ ಕಾಲೇಜಿನ್ಯಾಗ ಮಾಡು.”

“ಹಂಗಾರ ಶೆಡ್ಡಿನ್ಯಾಗ ಹೆಂಗ ನಡೀತೈತ್ರಿ?”

ಕಾಕು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡರು. “ಹಾಳಿ ತಿರುಗಿಸಿದ್ರ ಎಡಕ್ಕಿದ್ದದ್ದು ಬಲಕ್ಕ ಬರ್ತೈತಿ. ಇದು ತಿರುಗೂದಿಲ್ಲಲ್ಲ, ಹಾಳಾದ್ದು.” ಆಮೇಲೆ, “ಮಗಳಿಗೆ ಹೇಳಬ್ಯಾಡ. ಬಂದು ಕೆಲಸಾ ಬಿಡಸ್ತಾಳ. ಆಕಿ ಮನ್ಯಾಗ ಕುಂತು ನಾ ಏನ್ ಮಾಡ್ಲಿ?” ಎಂದರು.

ಆಟ ಅವರ ಕಣ್ಣು ಕೆಡಿಸಲಿಲ್ಲ. ಕೆಟ್ಟಿದ್ದನ್ನು ತೋರಿಸಿಕೊಟ್ಟಿತು, ಅಷ್ಟೇ. ಕೆಟ್ಟಿದ್ದು ಕಣ್ಣೋ ತಲೆಯೊಳಗಿನದೋ, ಅದನ್ನು ಡಾಕ್ಟರೇ ಹೇಳಬೇಕಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಬೆನ್ನು ಹತ್ತಿದೆ. ಕಾಕು ಒಂದು ಕರಾರು ಹಾಕಿದರು: ಆಟದೊಳಗೆ ಆ ಗುಂಡಿ ಇರುವ ಕಾಡಿನ ಹಂತ ದಾಟಿದ ಮೇಲೆ ಹೋಗೂಣು.

“ಹಂಗಾರ ಹೊಳ್ಳಿ ಬರಬ್ಯಾಡ್ರಿ. ಸೀದಾ ಬಾಗಲಾ ಮುಟ್ರಿ. ಈಗಿಂದೀಗ ದಾಟತೀರಿ.”

“ನೋಡದ ಬಿಟ್ಟಿದ್ದನ್ನ ದಾಟೇನಿ ಅಂತ ಹೆಂಗ ಹೇಳ್ಲಿ?”

ನಾನು ಕರಾರಿಗೆ ಕಾಯಲಿಲ್ಲ. ಹುಬ್ಬಳ್ಳಿಗೆ ಫೋನ್ ಮಾಡಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಗುಂಡಿಯ ವಿಷಯ, ಕೈ ಬೀಸಿದ್ದು, ಹಾಳೆ ತಿರುಗಿಸುವುದು, ಒಂದನ್ನೂ ಬಿಡದೆ. “ಹೌದಾ?” ಎಂದರು. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. “ಹುಡುಗನ ಪರೀಕ್ಷಾ ಮುಗೀಲಿ. ಬಂದು ಕರಕೊಂಡು ಹೋಗ್ತೇನಿ.”

ಪರೀಕ್ಷೆ ಮುಗಿಯುವ ಮೊದಲೇ, ಶೆಡ್ಡಿನಿಂದ ಬರುವಾಗ, ಕಾಕು ರಸ್ತೆ ದಾಟಿದರು. ಅರ್ಧ ದಾಟಿದ್ದರು. ಆ ಅರ್ಧದಲ್ಲಿ ಗಾಡಿಗಳು ಬರುವುದು ಬಲದಿಂದ. ಉಳಿದ ಅರ್ಧದಲ್ಲಿ ಎಡದಿಂದ. ಬೈಕಿನ ಹುಡುಗ ಹಾರ್ನ್ ಹೊಡೆದಿದ್ದನಂತೆ, ಕಾಕು ಬಲಕ್ಕೆ ನೋಡಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನನಗೆ ಅಳು ಬರಲಿಲ್ಲ. ಸುದ್ದಿ ತಂದವನಿಗೆ ಚಹಾ ಬೇಕಾ ಎಂದು ಕೇಳಿದ್ದು ಮಾತ್ರ ನೆನಪಿದೆ. ಅದಾದ ಮೇಲೂ ಬಹಳ ದಿನ ಹಾಗೆಯೇ ಇದ್ದೆ. ಊಟ ಮಾಡಿದೆ, ಕಾಲೇಜಿಗೆ ಹೋದೆ, ಒಂದು ಸ್ಪರ್ಧೆ ಗೆದ್ದೆ ಕೂಡ.

ಕೈಯಲ್ಲಿ ಆಟ ಹಿಡಿದುಕೊಂಡೇ ರಸ್ತೆ ದಾಟುತ್ತಿದ್ದರು ಎಂದು ಓಣಿ ಹೇಳುತ್ತದೆ. ಸುಳ್ಳು. ಆವತ್ತು ಕಾಕುವಿನ ಮನೆಯ ಬೀಗ ತೆಗೆದವಳು ನಾನು. ಆಟ ದೇವರ ಗೂಡಿನ ಕೆಳಗೆ ಚಾರ್ಜಿಗೆ ಹಾಕಿದಂತೆಯೇ ಇತ್ತು.

ಈ ಮಾತು ಹುಟ್ಟಿದ್ದು ಎಲ್ಲಿಂದ ಎಂದು ಬಹಳ ಹುಡುಕಬೇಕಾಗಲಿಲ್ಲ. ಸಾವಿನ ಮನೆಗೆ ಮಾತಾಡಿಸಲು ಬಂದವರೆಲ್ಲ ಕಾಕುವಿನ ಪಡಸಾಲೆಯಲ್ಲಿ ಕೂತಿದ್ದರು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದರು: “ಆ ಆಟಾ ಆಡಿ ಆಡಿ ಕಣ್ಣು ಕಳಕೊಂಡ್ಳು ನಮ್ಮವ್ವ. ನಮಗ ಒಂದು ಮಾತೂ ಗೊತ್ತಾಗಲಿಲ್ರಿ. ರಸ್ತಾದಾಗೂ ಅದ ಕೈಯಾಗಿತ್ತು.” ಬಂದವರು ಲೊಚಗುಟ್ಟಿದರು. ಒಬ್ಬರು ತಮ್ಮ ಮೊಮ್ಮಗನನ್ನು ಅಲ್ಲಿಯೇ ಬೈದರು.

ಎಲ್ಲರೂ ಎದ್ದುಹೋಗುವ ತನಕ ಕಾದೆ. ಸಿಟ್ಟೇನೂ ಇರಲಿಲ್ಲ. ಅವರ ಮಗ್ಗುಲೂ ನೋಡಬೇಕೆಂದೇ ಎದುರಿಗೆ ಕೂತೆ. ಅಕ್ಕ ಚಾಪೆ ಸುತ್ತುತ್ತಿದ್ದರು.

“ಅಕ್ಕಾ, ಆವತ್ತು ನಾ ಫೋನ್ ಮಾಡಿದ್ದು ನಿಮಗ ನೆನಪೈತೇನ್ರಿ?”

“ಹುಡುಗನ ಪರೀಕ್ಷಾ ಇತ್ತಲ್ಲ,” ಎಂದ ಅಕ್ಕ, ಸುತ್ತಿದ ಚಾಪೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದರು.