ಯಾರ ಮದುವೆ ಎಂದು ಕೇಳದ ಶಿವನಂಜಪ್ಪ

ರಾವಂದೂರಿನಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ಶಿವನಂಜಪ್ಪನ ಗ್ರಂಧಿಗೆ ಅಂಗಡಿ ತೋರಿಸುತ್ತಾರೆ. ಅರಿಶಿನದ ಕೊಂಬು, ಕರ್ಪೂರ, ವಿಭೂತಿ ಗಟ್ಟಿ, ಕಂಕಣದ ದಾರ, ಬಾಸಿಂಗ, ಎಲ್ಲ ಒಂದೇ ಕಡೆ. ಸುತ್ತಲ ಹಳ್ಳಿಗಳಲ್ಲಿ ಮದುವೆ ಗೊತ್ತಾಯಿತೆಂದರೆ ಚಪ್ಪರದ ಕಂಬ ನೆಡುವ ಮೊದಲೇ ಜನ ಇಲ್ಲಿಗೆ ಬರುತ್ತಾರೆ. ಆದರೆ ಆಸಾಮಿಗೇ ಮದುವೆಯಾಗಿಲ್ಲ. ಅರವತ್ತು ದಾಟಿತು, ಇನ್ನೆಲ್ಲಿಯ ಮದುವೆ? ಊರ ಬಾಯಿಗೆ ಬೀಗ ಹಾಕುವವರು ಯಾರು? "ಊರಿಗೆಲ್ಲ ಬಾಸಿಂಗ ಕಟ್ಸಿದ, ತನ್ನ ಅಣೆಗೊಂದು ಕಟ್ಕಳ್ನಿಲ್ಲ" ಎಂದು ಅವನೆದುರಿಗೇ ಆಡಿಕೊಳ್ಳುತ್ತಿದ್ದರು. ಅವನೂ ನಕ್ಕು ಪೊಟ್ಟಣ ಕಟ್ಟುತ್ತಿದ್ದ.

ಆಗೆಲ್ಲ ಅವನ ಬಾಯೇನು ಕಡಿಮೆಯಿರಲಿಲ್ಲ. ಬಾಸಿಂಗ ಬೇಕೆಂದು ಬಂದವರು ಮೊದಲು ತಮ್ಮ ವಂಶಾವಳಿ ಒಪ್ಪಿಸಬೇಕಿತ್ತು. "ಯಾರ ಮದ್ವೆ? ಎಣ್ಣು ಯಾವೂರು? ಸೋದರಮಾವ ಯಾರು?" ಇಷ್ಟಕ್ಕೆ ಉತ್ತರ ಬಂದ ಮೇಲೇ ಅಟ್ಟದಿಂದ ಪೆಟ್ಟಿಗೆ ಇಳಿಯುತ್ತಿದ್ದದ್ದು. ಅವನ ವಿಚಾರಣೆ ಮುಗಿಯುವಷ್ಟರಲ್ಲಿ ಬಸ್ಸು ತಪ್ಪಿಸಿಕೊಂಡು ಬೈದವರಿದ್ದಾರೆ. ಈಗ ಹಾಗಿಲ್ಲ. ಕೇಳಿದ್ದನ್ನು ಎತ್ತಿಕೊಡುತ್ತಾನೆ, ಬೆಲೆ ಹೇಳುತ್ತಾನೆ, ಮುಗಿಯಿತು. ಯಾರ ಮದುವೆ ಎಂದು ಕೇಳಿದರೆ ಬಂದವರು ತಿರುಗಿಸಿ, "ನಿಮ್ಮ ಸೊಸೆದು ಯಾವಾಗ ಯಜಮಾನ್ರೆ?" ಎನ್ನುತ್ತಾರಲ್ಲ, ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಡುವ ಸಂಕಟಕ್ಕಿಂತ ಪ್ರಶ್ನೆಯನ್ನೇ ಕೇಳದಿರುವುದು ವಾಸಿ ಎಂದು ತೀರ್ಮಾನಿಸಿಬಿಟ್ಟಿದ್ದ.

ಸೊಸೆ ಎಂದರೆ ತಂಗಿ ಭಾಗ್ಯಮ್ಮನ ಮಗಳು ಐಶ್ವರ್ಯ. ಭಾಗ್ಯಮ್ಮನನ್ನು ಕೊಟ್ಟದ್ದು ಕಾಡಂಚಿನ ವೀರನಹೊಸಹಳ್ಳಿಗೆ. ಅಲ್ಲಿಂದ ಕಾಲೇಜು ದೂರವೆಂದು ಹುಡುಗಿ ಡಿಗ್ರಿ ಮುಗಿಯುವವರೆಗೂ ಮಾವನ ಮನೆಯಲ್ಲೇ ಇದ್ದಳು. ಅವಳಿಗಾಗಿಯೇ ಶಿವನಂಜಪ್ಪ ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಟ್ಟ. ಪರೀಕ್ಷೆಯ ದಿನ ಅದಕ್ಕೂ ವಿಭೂತಿ ಬಳಿದು ಕೈಮುಗಿದು ಹೋಗುವ ಹುಡುಗಿ ಅದು. ಆಮೇಲೆ ಭಾಗ್ಯಮ್ಮ ಅಪ್ಪನ ಆಸ್ತಿಯಲ್ಲಿ ತನ್ನ ಪಾಲು ಕೇಳಿದಳು. ತಪ್ಪೇನಿತ್ತು? ಏನೂ ಇರಲಿಲ್ಲ. ಶಿವನಂಜಪ್ಪನೂ ಕೋರ್ಟು ಕಚೇರಿ ಎನ್ನದೆ ಕೆರೆ ಕೆಳಗಿನ ತುಂಡನ್ನು ಬರೆದುಕೊಟ್ಟ. ಕೊಟ್ಟವನು ಬಾಯಿ ಮುಚ್ಚಿಕೊಂಡು ಮನೆಗೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪಿರಿಯಾಪಟ್ಟಣದ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ನಿಂತು, ನಾಲ್ಕು ಜನರೆದುರಿಗೆ, "ಪಾಲು ತಗಂಡ್ಯಲ್ಲ, ಇವತ್ತಿಗೆ ನಿನ್ನ ತವ್ರು ತೀರ್ತು ಕಣೆ. ಇನ್ನು ನನ್ನಿಂದ ಏನಾದ್ರೂ ಬೇಕು ಅಂದ್ರೆ ಅಂಗಡೀಲಿ ದುಡ್ಡು ಕೊಟ್ಟು ತಗ" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾಗ್ಯಮ್ಮ ಸೆರಗು ಹೊದ್ದು ಹೋದವಳು ಹಬ್ಬಕ್ಕೂ ಬರಲಿಲ್ಲ.

ಹೀಗೆ ಮೂರು ವರ್ಷ ಕಳೆಯಿತು. ಐಶ್ವರ್ಯಳಿಗೆ ಕೋಟೆ ತಾಲೂಕಿನ ಕಡೆಯ ಗಂಡು ಗೊತ್ತಾಗಿದೆಯೆಂದು ಹಾಲಿನ ಡೇರಿಯಲ್ಲಿ ಯಾರೋ ಹೇಳಿದರು. ಯಾವಾಗ ಎಂದು ಶಿವನಂಜಪ್ಪ ಕೇಳಲಿಲ್ಲ. ಆದರೆ ಅವತ್ತಿನಿಂದ ಕಾಯತೊಡಗಿದ. ನಮ್ಮ ಕಡೆ ಹೆಣ್ಣಿಗೆ ಬಾಸಿಂಗ ತರುವವನು ಸೋದರಮಾವ, ಕೈಹಿಡಿದು ಹಸೆಮಣೆಗೆ ಕರೆತರುವವನೂ ಅವನೇ. ಆ ಬಾಸಿಂಗಕ್ಕೆ ದುಡ್ಡಿನ ಮಾತಿಲ್ಲ, ಅದು ತವರಿನ ಮರ್ಯಾದೆ. ಎಷ್ಟೇ ಮುನಿಸಿದ್ದರೂ ಸೋದರಮಾವನನ್ನು ಕರೆಯದೆ ಮದುವೆ ಮಾಡುತ್ತಾರೆಯೇ? ಬಂದೇ ಬರುತ್ತಾಳೆ, ಲಗ್ನಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತೇ ನಿಲ್ಲುತ್ತಾಳೆ ಎಂದು ಅವನ ಲೆಕ್ಕ. ಬಂದಾಗ ಮೊದಲು ಏನು ಹೇಳಬೇಕು? "ಬಾರವ್ವ ಒಳಕ್ಕೆ" ಎನ್ನಬೇಕೋ, ಸ್ವಲ್ಪ ಹೊತ್ತು ಬಿಗುಮಾನದಿಂದ ಸುಮ್ಮನಿರಬೇಕೋ ಎಂದು ಒಬ್ಬನೇ ಯೋಚಿಸುತ್ತಿದ್ದ. ಸುಮ್ಮನಿರಬಾರದು ಎಂದು ಕೊನೆಗೆ ನಿರ್ಧರಿಸಿದ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅಂಗಡಿಗೆ ಗುರುತಿಲ್ಲದ ಮುದುಕಿಯೊಬ್ಬಳು ಬಂದು ಒಂದು ಜೊತೆ ಬಾಸಿಂಗ ಕೇಳಿದಳು. ಅವನು ಪೆಟ್ಟಿಗೆ ಮುಂದಿಟ್ಟರೆ, "ನನ್ಗೇನ್ ಗೊತ್ತಾಯ್ತದೆ, ನಿಮ್ ಕೈಯಾರೆ ಆರ್ಸಿ ಕೊಡಿ" ಎಂದಳು. ಅವನು ಆರಿಸಿದ. ಹೆಣ್ಣಿನ ಬಾಸಿಂಗದಲ್ಲಿ ಒಂದು ಎಳೆ ಮುತ್ತು ಕಳಚಿತ್ತು. ಕೆಂಪು ದಾರ ಕೈಗೆ ಸಿಗಲಿಲ್ಲವೆಂದು ಹಸಿರು ದಾರದಲ್ಲಿ ಕಟ್ಟಿಕೊಟ್ಟ. ಕೊಟ್ಟ ಮೇಲೂ ಮುದುಕಿ ಹೊರಡಲಿಲ್ಲ. ಬೆಂಚಿನ ಮೇಲೆ ಕೂತು ನೀರು ಕೇಳಿ ಕುಡಿದಳು. ಬಿಸಿಲಿನ ಸುದ್ದಿ ಆಡಿದಳು, ಹೊಗೆಸೊಪ್ಪಿನ ಸುದ್ದಿ ಆಡಿದಳು, ಮತ್ತೆ ಅವನ ಮುಖ ನೋಡಿದಳು. ಶಿವನಂಜಪ್ಪ ಬೆಲೆ ಹೇಳಿದ. ಮುದುಕಿ ದುಡ್ಡು ಎಣಿಸಿಟ್ಟು ಎದ್ದು ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಕಂಪ್ಯೂಟರ್ ಕೈಕೊಟ್ಟಿತು. ಸಂಜೆ ಅಂಗಡಿ ಬಾಗಿಲು ಹಾಕಿ ಬಂದು, ಅನ್ನಕ್ಕಿಟ್ಟು, ಅದನ್ನು ಹಾಕಿಕೊಂಡು ಹರಿಕಥೆ ಕೇಳುವುದು ಅವನ ರೂಢಿ. ಮನೆಯಲ್ಲಿ ಇನ್ನೊಂದು ದನಿ ಎಂದರೆ ಅದೊಂದೇ. ಹಿಂದಿನ ದಿನದವರೆಗೂ ನೆಟ್ಟಗಿದ್ದದ್ದು ಇದ್ದಕ್ಕಿದ್ದಂತೆ ತೆವಳತೊಡಗಿತು. ಗುಂಡಿ ಒತ್ತಿ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದರೂ ಪರದೆಯ ಮೇಲೆ ಇನ್ನೂ ಚಕ್ರ ಸುತ್ತುತ್ತಿರುತ್ತಿತ್ತು. ಹರಿದಾಸರು ಬಾಯಿ ತೆರೆದವರು ತೆರೆದ ಹಾಗೆಯೇ ನಿಂತುಬಿಡುತ್ತಿದ್ದರು.

ಊರಿನಲ್ಲಿ ಸಲಹೆಗೇನು ಬರವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ವೋಲ್ಟೇಜ್ ಇಲ್ಲ ಎಂದರು ಒಬ್ಬರು, ವೈರಸ್ ಎಂದರು ಇನ್ನೊಬ್ಬರು, ಗುಜರಿಗೆ ಹಾಕಿ ಹೊಸದು ತಗೊ ಎಂದರು ಮತ್ತೊಬ್ಬರು. ಶಿವನಂಜಪ್ಪ ಆರಿಸಿ ಹೊತ್ತಿಸಿ ನೋಡಿದ, ವೈರು ಕಿತ್ತು ಒರೆಸಿ ಸಿಕ್ಕಿಸಿದ, ಹೊಸ ಆಂಟಿವೈರಸ್ ಹಾಕಿಸಿಕೊಂಡ. ಅದು ಇನ್ನಷ್ಟು ನಿಧಾನವಾಯಿತು. ಕೊನೆಗೆ ಪಿರಿಯಾಪಟ್ಟಣದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಚೇತನ್‌ಕುಮಾರನಿಗೆ ಫೋನ್ ಮಾಡಿದ.

ಭಾನುವಾರ ಚೇತನ್‌ಕುಮಾರ ಬಂದು ಡಬ್ಬ ಬಿಚ್ಚಿದವನೇ ನಕ್ಕ. "ಏನ್ ಯಜಮಾನ್ರೆ, ಫ್ಯಾನಿನ ತುಂಬಾ ವಿಬೂತಿ ತುಂಬ್ಕಂಡೈತೆ."

"ಆಯುಧಪೂಜೆಲಿ ಬಳ್ದುದ್ದು ಕಣಪ್ಪ."

"ಇದು ಆಯುಧಪೂಜೆದಲ್ಲ. ದಿನಾ ಬಳ್ದಂಗೈತೆ."

ಹುಡುಗಿ ಹೋದ ಮೇಲೆ ಆ ಕೆಲಸ ಶಿವನಂಜಪ್ಪನೇ ಮಾಡುತ್ತಿದ್ದ. ಯಾಕೆ ಎಂದರೆ ಅವನಿಗೂ ಗೊತ್ತಿಲ್ಲ.

ಬ್ರಶ್ಶಿನಲ್ಲಿ ಫ್ಯಾನು ಉಜ್ಜಿ, ಗಾಳಿ ಊದಿ, ಮತ್ತೆ ಜೋಡಿಸಿದ್ದಾಯಿತು. ಗುಂಯ್‌ಗುಟ್ಟುವುದು ನಿಂತಿತೇ ಹೊರತು ವೇಗ ಬರಲಿಲ್ಲ. "ಎರಡೆರಡು ಆಂಟಿವೈರಸ್ ಹಾಕ್ಸಿದೀರ. ಒಂದ್ ಮನೇಲಿ ಇಬ್ರು ಅತ್ತೆ ಇದ್ದಂಗೆ, ಅವ್ರವ್ರೇ ಕಿತ್ತಾಡ್ತವ್ರೆ" ಎಂದು ಒಂದನ್ನು ತೆಗೆದ. ಆಗಲೂ ಅಷ್ಟೇ. ಆಮೇಲೆ ಏನೋ ಒಂದು ಪಟ್ಟಿ ತೆಗೆದು ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಕಳ್ಳ ಸಿಕ್ದ ಯಜಮಾನ್ರೆ. ಐಶ್ವರ್ಯ ಅನ್ನೋರ ಅಕೌಂಟು ಇದ್ರಲ್ಲಿ ಇನ್ನೂ ತೆರ್ದೇ ಐತೆ. ಅವ್ರು ಫೋನಲ್ಲಿ ಫೋಟೋ ತಗುದ್ರೆ ಇಂಟರ್‌ನೆಟ್ಟಿಗೆ ಓಯ್ತದೆ, ಅಲ್ಲಿಂದ ತಾನಾಗೇ ಇಲ್ಲಿಗಿಳೀತದೆ. ಹೊಸ ಫೋನ್ ತಗಂಡಿರ್ಬೇಕು, ಒಂದೇ ಸಲಕ್ಕೆ ಸಾವಿರಾರು ಬಂದು ಬೀಳ್ತಾವೆ. ದೊಡ್ಡ ದೊಡ್ಡ ವಿಡಿಯೋನೂ ಅವೆ. ಅದುಕ್ಕೇ ಉಸಿರು ಕಟ್ಟೈತೆ ಇದುಕ್ಕೆ."

"ಏನ್ ಫೋಟೋ?"

ಚೇತನ್‌ಕುಮಾರ ತೆರೆದ. ಪರದೆಯ ತುಂಬ ಚಪ್ಪರ, ಬಾಳೆಕಂದು, ರೇಷ್ಮೆ ಸೀರೆಗಳು. "ಯಾವ್ದೋ ಮದ್ವೆ. ಯಾರ ಮದ್ವೆ ಯಜಮಾನ್ರೆ ಇದು?"

ಶಿವನಂಜಪ್ಪ ಕನ್ನಡಕ ಹಾಕಿಕೊಂಡ. ಐಶ್ವರ್ಯ ಹಸೆಮಣೆಯ ಮೇಲೆ ಕೂತಿದ್ದಳು. ತಾಳಿ ಕಟ್ಟಿಯಾಗಿತ್ತು, ಧಾರೆಯಾಗಿತ್ತು, ಊಟದ ಪಂಕ್ತಿಯೂ ಎದ್ದಾಗಿತ್ತು. ತಾನು ಬಾಗಿಲ ಕಡೆ ಕಿವಿಯಿಟ್ಟು ಮಾತು ಜೋಡಿಸಿಕೊಳ್ಳುತ್ತಿದ್ದ ದಿನಗಳಲ್ಲೇ ಇದೆಲ್ಲ ಆಗಿಹೋಗಿದೆ. ಇನ್ನೊಂದು ಫೋಟೋದಲ್ಲಿ ಅವಳ ಕೈಹಿಡಿದು ಕರೆತರುತ್ತಿರುವವನು ಸೋಮಶೇಖರ, ಶಿವನಂಜಪ್ಪನ ದೊಡ್ಡಪ್ಪನ ಮಗ. ಲೆಕ್ಕಕ್ಕೆ ಅವನೂ ಸೋದರಮಾವನೇ, ಶಾಸ್ತ್ರಕ್ಕೆ ಕೊರತೆಯಿಲ್ಲ. ಅವಳು ಮಾತ್ರ ತಲೆ ತಗ್ಗಿಸಿ ನಡೆಯುತ್ತಿದ್ದಳು.

"ಅಣೆ ಹತ್ರ ದೊಡ್ಡದು ಮಾಡಪ್ಪ" ಎಂದ ಶಿವನಂಜಪ್ಪ.

ಚೇತನ್‌ಕುಮಾರ ಮಾಡಿದ. ಬಾಸಿಂಗದ ಬಲಗಡೆ, ಕೆಂಪು ದಾರಗಳ ನಡುವೆ, ಒಂದೇ ಒಂದು ಹಸಿರು ದಾರ. ಶಿವನಂಜಪ್ಪನೇ ಹಾಕಿದ ಗಂಟು. ಹಿಂದೆ ಭಾಗ್ಯಮ್ಮನ ಪಕ್ಕದಲ್ಲಿ ಅಕ್ಷತೆ ಹಿಡಿದು ನಿಂತಿದ್ದಳು ಆ ದಿನ ನೀರು ಕೇಳಿ ಕುಡಿದ ಮುದುಕಿ.

ಸೊಸೆಯ ಬಾಸಿಂಗಕ್ಕೆ ತಾನು ದುಡ್ಡು ತೆಗೆದುಕೊಂಡಿದ್ದ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೊ ಎಂದಿದ್ದನಲ್ಲ, ತಂಗಿ ಹಾಗೇ ತಗೊಂಡಿದ್ದಳು.

"ಈ ಅಕೌಂಟ್ ತಗ್ದುಬುಟ್ರೆ ಸರಿಯಾಯ್ತದೆ" ಎಂದ ಚೇತನ್‌ಕುಮಾರ. "ಆದ್ರೆ ಫೋಟೋಗಳೆಲ್ಲ ಒಂಟೋಯ್ತವೆ. ಬೇಕಾದ್ರೆ ಬೇರೆ ಕಡೆ ಇಟ್ಕೊಡ್ತೀನಿ."

"ಬ್ಯಾಡ. ತಗ್ದುಬುಡು."

"ನಿಮ್ಮೋರೇ ಅಲ್ವಾ?"

"ಕರೀದಿರೋ ಮದ್ವೇಲಿ ಕದ್ದು ನಿಂತ್ಕಂಡಂಗಾಯ್ತದೆ ಕಣಪ್ಪ. ತಗ್ದುಬುಡು."

ಚೇತನ್‌ಕುಮಾರ ತೆಗೆದ. ಕಾಫಿ ಕುಡಿದು ಹೋಗು ಎಂದು ಶಿವನಂಜಪ್ಪ ಒತ್ತಾಯ ಮಾಡಿದ, ಆಮೇಲೆ ಇನ್ನೊಂದು ಲೋಟ ಕುಡಿ ಎಂದ. ಅವನಿಗೆ ಬೇರೆ ಕಡೆ ಕೆಲಸವಿತ್ತು. ಅವನು ಹೋದ ಮೇಲೆ ಶಿವನಂಜಪ್ಪ ಕಂಪ್ಯೂಟರ್ ಹೊತ್ತಿಸಿದ. ಕೂರುವ ಮೊದಲೇ ತೆರೆದುಕೊಂಡಿತು. ಹರಿದಾಸರು ಎಲ್ಲಿಯೂ ನಿಲ್ಲದೆ ಹಾಡಿದರು. ಅವನು ಒಂದು ಮಾತನ್ನೂ ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಬಾಸಿಂಗದ ದುಡ್ಡನ್ನು ಎಲೆ ಅಡಿಕೆಯ ಜೊತೆ ಕವರಿನಲ್ಲಿಟ್ಟುಕೊಂಡು, ಹುಣಸೂರಿನಲ್ಲಿ ಬಸ್ಸು ಬದಲಿಸಿ ವೀರನಹೊಸಹಳ್ಳಿಗೆ ಹೋದ. ತಂಗಿಯ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಗುರುತು ಹೇಳಿ ಮುದುಕಿಯ ಮನೆ ವಿಚಾರಿಸಿದ. ಮಾಯಮ್ಮ ಎಂದು ಹೆಸರು, ಭಾಗ್ಯಮ್ಮನ ಮನೆಯಿಂದ ಆಚೆ ಮನೆ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದವಳು ಅವನನ್ನು ಕಂಡು ಕೈ ನಿಲ್ಲಿಸಿದಳು.

"ಇದು ಬಾಸಿಂಗದ ದುಡ್ಡು ಕಣವ್ವ" ಎಂದು ಕವರು ಮುಂದಿಟ್ಟ. "ಸೋದರಮಾವ ಬಾಸಿಂಗ ಮಾರ್ಬಾರ್ದು. ನನಗ್ ಗೊತ್ತಾಗ್ನಿಲ್ಲ. ನೀವಾದ್ರೂ ಒಂದ್ ಮಾತ್ ಏಳ್ಬೋದಿತ್ತು."

ಮಾಯಮ್ಮ ಕವರನ್ನು ಮುಟ್ಟಲಿಲ್ಲ. "ಏಳ್ಬ್ಯಾಡ ಅಂತ ಆಣೆ ಇಡಿಸ್ಕಂಡಿದ್ಲು ಕಣಪ್ಪ. 'ದುಡ್ಡು ಕೊಟ್ಟೇ ತಗಬಾ, ಆದ್ರೆ ಯಾರ ಮದ್ವೆ ಅಂತ ನಮ್ಮಣ್ಣ ಕೇಳೇ ಕೇಳ್ತಾನೆ. ಕೇಳ್ದೆ ಯಾರ್ಗೂ ಕೊಟ್ಟೋನಲ್ಲ. ಕೇಳುದ್ರೆ ಏಳ್ಬುಡು, ನಾನೇ ಕರಿಯಾಕೆ ಬತ್ತೀನಿ ಅಂತ ಏಳು' ಅಂದಿದ್ಲು. ಅದುಕ್ಕೇ ನಿಮ್ಮಂಗ್ಡೀಲಿ ಅಷ್ಟೊತ್ತು ಕುಂತಿದ್ದು ನಾನು. ನೀವು ಬೆಲೆ ಏಳುದ್ರಿ."

ಶಿವನಂಜಪ್ಪ ಜಗಲಿಯ ಕಂಬ ಹಿಡಿದು ಕೂತ.

"ಬಂದು ಏಳ್ದೆ, ಕೇಳ್ನಿಲ್ಲ ಕಣೆ ಅಂತ. 'ಕೇಳ್ನಿಲ್ವಾ? ಅಂಗಾರೆ ಬುಡು, ಅವುನ್ಗೆ ನಾವ್ ಬ್ಯಾಡ' ಅಂದ್ಲು. ಆವತ್ತೆಲ್ಲ ಅನ್ನ ಮುಟ್ನಿಲ್ಲ."

ಪಕ್ಕದಲ್ಲಿ ಭಾಗ್ಯಮ್ಮನ ಮನೆಯ ಮುಂದೆ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ತೋರಣದ ಮಾವಿನೆಲೆ ಒಣಗಿ ಸುರುಟಿತ್ತು, ಬಾಗಿಲಿಗೆ ಬೀಗ. ಮಗಳ ಮನೆಗೆಂದು ಎಲ್ಲರೂ ಕೋಟೆಗೆ ಹೋಗಿದ್ದಾರೆ, ಬಂದ ಮೇಲೆ ಏನು ಹೇಳಲಿ ಎಂದು ಮಾಯಮ್ಮ ಕೇಳಿದಳು.

ಶಿವನಂಜಪ್ಪ ಎದ್ದು ನಿಂತ. "ಕೇಳ್ದ ಅಂತ ಏಳಿ" ಎಂದ. "ಯಾರ ಮದ್ವೆ ಅಂತ ಕೇಳ್ಕಂಡು ನಿಮ್ಮಣ್ಣ ಬಂದಿದ್ದ ಅಂತ ಏಳಿ."

ಕವರನ್ನು ಭಾಗ್ಯಮ್ಮನ ಬಾಗಿಲ ಸಂದಿಯಲ್ಲಿ ತೂರಿಸಿ ಬಸ್ಸು ಹತ್ತಿದ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಯಾರೂ ಬರಲಿಲ್ಲ, ಕವರೂ ವಾಪಸು ಬರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಅಂಗಡಿಗೆ ಬಂದು ಬಾಸಿಂಗ ಕೇಳಿದಳು. ಶಿವನಂಜಪ್ಪ ಪೆಟ್ಟಿಗೆ ಇಳಿಸಲಿಲ್ಲ. "ಯಾರ ಮದ್ವೆ ಕಣವ್ವ? ಎಣ್ಣು ಯಾವೂರು? ಸೋದರಮಾವ ಯಾರು?" ಎಂದ. ಅವಳು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಕೊನೆಗೆ ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ನಿಮ್ಮ ಸೊಸೆದು ಯಾವಾಗ ಯಜಮಾನ್ರೆ?" ಎಂದಳು.

"ಆಯ್ತು ಕಣವ್ವ, ಮೊನ್ನೆ" ಎಂದ ಶಿವನಂಜಪ್ಪ. "ಬಾಸಿಂಗ ನಮ್ಮಂಗ್ಡೀದೇ."

ಆಮೇಲೆ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಮುತ್ತಿನ ಎಳೆಗಳನ್ನು ಒಂದೊಂದಾಗಿ ಎಳೆದು ನೋಡಿ, ಗಟ್ಟಿಯಾಗಿದ್ದುದನ್ನು ಆರಿಸಿ ಅವಳಿಗೆ ಕೊಟ್ಟ.