ಕಳ್ಳಕವಟಗಿಯ ಒಡ್ಡಿನ ಮೇಲೆ ಸೋರಿದ ಎಣ್ಣೆ

೧೯೭೪ರ ಬೇಸಿಗೆಯಲ್ಲಿ ನಾನು ಆಗಿನ ಬಿಜಾಪುರ, ಈಗಿನ ವಿಜಯಪುರದಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದೆ. ತಿಕೋಟಾ, ಬಬಲೇಶ್ವರ ಕಡೆಯ ಕೆರೆ ಕೆಲಸಗಳ ಯಂತ್ರಗಳೆಲ್ಲ ನನ್ನ ಸುಪರ್ದಿಗೆ ಸೇರಿದ್ದವು.

ಕಳ್ಳಕವಟಗಿ ಹತ್ತಿರ ಒಂದು ಕೆರೆಯ ಒಡ್ಡು ಏಳುತ್ತಿತ್ತು. ಹಳ್ಳ ಹರಿದುಹೋಗಲೆಂದು ನಡುವೆ ಬಿಟ್ಟಿದ್ದ ಗಂಡಿಯನ್ನು ಮಳೆಗೆ ಮುಂಚೆ ಮುಚ್ಚಬೇಕಿತ್ತು. ಅದು ಅರ್ಧ ತುಂಬಿದಾಗಲೇ ಅಪಾಯ ಹೆಚ್ಚು. ಕೆರೆಯ ಹೆಚ್ಚಿನ ನೀರು ಹೊರಹೋಗುವ ಕೋಡಿಯ ಮಟ್ಟವನ್ನು ಮಣ್ಣು ಮುಟ್ಟುವ ಮೊದಲೇ ಹಳ್ಳ ಬಂದರೆ, ನಿಂತ ನೀರು ಹಸಿಮಣ್ಣನ್ನು ಒಡೆದುಕೊಂಡು ಕೆಳಗಿನ ವಸ್ತಿಯ ಮೇಲೆ ನುಗ್ಗುತ್ತದೆ. ಆ ವಸ್ತಿಯಲ್ಲಿ ಕುರಿ ಸಾಕುವ ಕೆಲವು ಮನೆಗಳಿದ್ದವು.

ಗಂಡಿ ಅರ್ಧ ತುಂಬಿತ್ತು. ಆಗಲೇ ಮಣ್ಣು ಎತ್ತಿ ಲಾರಿಗೆ ಹಾಕುತ್ತಿದ್ದ ನಮ್ಮ ಒಂದೇ ವೀಲ್ ಲೋಡರ್ ಕೆಟ್ಟಿತೆಂಬ ಸುದ್ದಿ ಬಂತು. ಜೀಪಿನಲ್ಲಿ ಹೋದೆ. ಪಶ್ಚಿಮಕ್ಕೆ ಮೋಡ ಕಟ್ಟಿತ್ತು.

ಆಪರೇಟರ್ ಮಲ್ಲಪ್ಪ ಯಂತ್ರದ ಬುಡ ತೋರಿಸಿದ. "ಎಣ್ಣಿ ಸುರ್‍ಯಾಕತ್ತೈತ್ರಿ ಸಾಹೇಬ್ರ. ಟ್ರಾನ್ಸ್‌ಮಿಷನ್ನಿಂದನ."

ಟ್ರಾನ್ಸ್‌ಮಿಷನ್ ಎಂದರೆ ಎಂಜಿನ್ನಿನ ಶಕ್ತಿಯನ್ನು ಗಾಲಿಗಳಿಗೆ ಮುಟ್ಟಿಸುವ ಗೇರುಗಳ ಪೆಟ್ಟಿಗೆ. ಎಣ್ಣೆ ತೊಟ್ಟಿಕ್ಕುತ್ತಿದ್ದ ಜಾಗ ನೋಡಿದರೆ ಎಣ್ಣೆ ಹೊರಬರದಂತೆ ತಡೆಯುವ ಹಿಂಬದಿಯ ಸೀಲು ಹೋದಂತಿತ್ತು. ಅದನ್ನು ಬದಲಿಸಲು ಇಡೀ ಪೆಟ್ಟಿಗೆ ಇಳಿಸಬೇಕು, ವಾರವೇ ಬೇಕು.

ಬಿಚ್ಚುವ ಮೊದಲು ಪೆಟ್ಟಿಗೆಯನ್ನು ಡೀಸೆಲ್ಲಿನಿಂದ ತೊಳೆಸಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ ಎಂಜಿನ್ ಚಾಲೂ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡಿತು. ಅದು ಸೀಲಿನ ಬಳಿ ಶುರುವಾಗಿರಲಿಲ್ಲ. ಪೆಟ್ಟಿಗೆಯ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಇರುವ ಬ್ರೀದರ್ ಎಂಬ ಸಣ್ಣ ಕೊಳವೆಯಿಂದ ಎಣ್ಣೆ ಉಕ್ಕಿ ಕೆಳಗಿಳಿಯುತ್ತಿತ್ತು.

ಪೆಟ್ಟಿಗೆಯ ಅಳತೆಕಡ್ಡಿ ಎಳೆದು ನೋಡಿದೆ. ಅಷ್ಟು ಸೋರಿದರೂ ಎಣ್ಣೆಯ ಮಟ್ಟ ಪೂರ್ತಿ ತುಂಬಿದ್ದರ ಗುರುತಿಗಿಂತ ಮೇಲಿತ್ತು.

"ನೀ ಇದರಾಗ ಏನರ ಎಣ್ಣಿ ಹಾಕೀಯೇನು?" ಎಂದು ಮಲ್ಲಪ್ಪನನ್ನು ಕೇಳಿದೆ.

"ಇಲ್ರಿ. ಬಕೆಟ್ ಎತ್ತೂ ಎಣ್ಣಿ ಅಷ್ಟ ದಿನಾ ಹಾಕಾಕತ್ತೀನ್ರಿ. ಎಷ್ಟು ಹಾಕಿದ್ರೂ ಸಾಲವಲ್ದು."

ಮಣ್ಣು ತುಂಬುವ ಬಕೆಟ್ಟನ್ನು ಎಣ್ಣೆಯ ಒತ್ತಡದಿಂದ ಎತ್ತುವ ಹೈಡ್ರಾಲಿಕ್ ಪಂಪು ಈ ಪೆಟ್ಟಿಗೆಗೇ ಅಂಟಿಕೊಂಡಿರುತ್ತದೆ. ಎರಡರ ಎಣ್ಣೆ ಬೆರೆಯದಂತೆ ತಡೆಯುವುದು ಪಂಪಿನ ದಂಡಕ್ಕೆ ಸುತ್ತಿದ ಒಂದು ರಬ್ಬರ್ ಸೀಲು. ಅದು ಸವೆದು, ಪಂಪಿನ ಎಣ್ಣೆ ಪೆಟ್ಟಿಗೆಗೆ ಇಳಿದು, ಹೆಚ್ಚಾದದ್ದು ಬ್ರೀದರಿನಿಂದ ಉಕ್ಕುತ್ತಿದೆ ಎಂದು ನನಗನಿಸಿತು. ಹಾಗಿದ್ದರೆ ಪಂಪು ಬಿಚ್ಚಿದರೆ ಸಾಕು. ಊಹೆ ತಪ್ಪಿದರೆ, ಇದ್ದ ಸಮಯವೂ ಹೋದಂತೆ.

ಸೀಲು ತರಲು ಜೀಪನ್ನು ಬಿಜಾಪುರಕ್ಕೆ ಕಳಿಸುತ್ತಿರುವಾಗ ಕೆಳಗಿನ ವಸ್ತಿಯ ಕುರಿ ಸಾಕುವ ಗಂಗವ್ವ ಒಡ್ಡು ಹತ್ತಿ ಬಂದಳು.

"ಯಪ್ಪಾ, ಖರೇ ಹೇಳ್ರಿ. ಮಿಷಿನ್ ನಡೀತೈತೇನು? ನಾವು ಇಲ್ಲೇ ಇರೂದೋ, ಏಳೂದೋ?"

ಏನೂ ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಬ್ಬ ಎಂಜಿನಿಯರಿನಿಂದ ಅಂಥ ಮಾತನ್ನೇ ಜನ ಬಯಸುತ್ತಾರೆ. ಅದನ್ನು ತಡೆದೆ.

"ನಡೀತೈತಿ ಅನಸತೈತವ್ವಾ. ಆದ್ರ ಖಾತ್ರಿ ಇಲ್ಲ. ನೀವು ಕುರಿ ಹೊಡಕೊಂಡು ಮ್ಯಾಲಿನ ಸಾಲಿಗೆ ಹೋಗ್ರಿ."

ಅವಳು ಒಡ್ಡು ಇಳಿದುಹೋದಳು. ಮನೆಗಳಿಂದ ಗಂಟುಮೂಟೆ ಹೊರಬಂದು ದಿನ್ನೆಯ ಶಾಲೆಯತ್ತ ಸಾಗುವುದು ನೋಡಿ ನನಗೆ ಇನ್ನಷ್ಟು ದಿಗಿಲಾಯಿತು.

ಪಂಪು ಬಿಚ್ಚಿದಾಗ ಸೀಲಿನ ಅಂಚು ಹರಿದಿತ್ತು. ಹೊಸದು ಕೂರಿಸಿ, ಪೆಟ್ಟಿಗೆಯ ಬೆರಕೆ ಎಣ್ಣೆ ಬಸಿದು, ಹೊಸ ಎಣ್ಣೆ ತುಂಬಿದೆವು. ಮಲ್ಲಪ್ಪ ಬಕೆಟ್ ಎತ್ತಿದ. ಬ್ರೀದರಿನ ಸುತ್ತ ಬಟ್ಟೆಯಿಂದ ಒರೆಸಿ ಒರೆಸಿ ನೋಡಿದೆ, ಒಣಗಿಯೇ ಇತ್ತು.

ಮಾರನೆಯ ದಿನವಿಡೀ ಲೋಡರ್ ನಿಲ್ಲಲಿಲ್ಲ. ಗಂಡಿಯ ಮಣ್ಣು ಕೋಡಿಯ ಮಟ್ಟ ದಾಟಿ ಮೊಳದಷ್ಟು ಏರಿದಾಗ ಮಳೆ ಹಿಡಿಯಿತು. ಹಳ್ಳ ಕೆಂಪಾಗಿ ಬಂದು ಒಡ್ಡಿಗೆ ಆತುಕೊಂಡಿತು. ಹಸಿಮಣ್ಣು ಎಲ್ಲಿ ಬಿರಿಯುತ್ತದೋ ಎಂದು ಕಣ್ಣು ಕೀಲಿಸಿ ನಿಂತಿದ್ದೆ. ಕೊನೆಗೆ ನೀರು ಕೋಡಿಗೆ ತಿರುಗಿತು.

ಮಳೆ ನಿಂತ ಮೇಲೆ ಗಂಗವ್ವ ಕುರಿಗಳೊಂದಿಗೆ ಹಿಂದಿರುಗಿದಳು. ತನ್ನ ಮನೆ ಇದ್ದಂತೆಯೇ ಇದ್ದುದನ್ನು ಕಂಡು ನನ್ನತ್ತ ನೋಡಿದಳು.

"ಸುಮ್ಮನ ಎಬ್ಬಿಸಿದ್ರಿ ನೋಡ್ರಿ. ಕೂಸುಗಳನ್ನ ಕಟ್ಟಿಕೊಂಡು ಸಾಲ್ಯಾಗ ಒದ್ದಾಡಿದ್ವಿ."

"ಹೌದವ್ವಾ, ತ್ರಾಸ ಆತು ನಿಮಗ," ಎಂದೆ.

ಎಣ್ಣೆ ಬೀಳುವ ಜಾಗವೇ ಸೋರುವ ಜಾಗವಲ್ಲ ಎಂಬುದನ್ನು ಆಮೇಲೆ ನನ್ನ ಕೈಕೆಳಗಿನವರಿಗೆಲ್ಲ ಕಲಿಸಿದೆ. ಆದರೆ ಆ ಕೆಲಸ ನನಗೆ ಕಲಿಸಿದ್ದು ಬೇರೆ. ನನ್ನ ಊಹೆಯನ್ನು ನಾನು ಯಂತ್ರದ ಮೇಲೆ ಪರೀಕ್ಷಿಸಬಹುದು. ಒಡ್ಡಿನ ಕೆಳಗೆ ಮಲಗುವವರ ಮೇಲಲ್ಲ. ಗಂಗವ್ವನಿಂದ ಬೈಸಿಕೊಂಡು ಜೀಪು ಹತ್ತಿದ ಆ ಸಂಜೆಯಷ್ಟು ಹಗುರಾಗಿ ನಾನು ಯಾವ ಕೆಲಸದಿಂದಲೂ ಮನೆಗೆ ಮರಳಿದ್ದಿಲ್ಲ.